ರೇಡಿಯೇಟರ್ ಖಾಲಿ ಮಾಡಿದರೆ ಕೂಲೆಂಟ್ ಪೂರ್ತಿ ಬದಲಾದಂತೆಯೇ? ಫ್ಲಶ್ ಲೆಕ್ಕ, ನೀರು, ಏರ್ ಲಾಕ್ ಬಗ್ಗೆ ಚರ್ಚೆ

ಬಿಳಿಕುದುರೆ

ಎಲ್ಲರಿಗೂ ನಮಸ್ಕಾರ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಕೂಲಿಂಗ್ ಸಿಸ್ಟಂಗೆ ಒಟ್ಟು 6 ಲೀಟರ್ ಹಿಡಿಯುತ್ತದೆ ಎಂದು ಮ್ಯಾನ್ಯುಯಲ್‌ನಲ್ಲಿದೆ. ರೇಡಿಯೇಟರ್ ಕೆಳಗಿನ ಡ್ರೈನ್ ಕಾಕ್ ಬಿಚ್ಚಿದಾಗ ಇಳಿದದ್ದು 3 ಲೀಟರ್. ಆಮೇಲೆ ಡಿಸ್ಟಿಲ್ಡ್ ವಾಟರ್ ತುಂಬಿ, ಎಂಜಿನ್ ಓಡಿಸಿ, ಇಳಿಸಿ, ನೀರು ತಿಳಿಯಾಗುವ ತನಕ ಮಾಡಿ ಕೊನೆಗೆ 3 ಲೀಟರ್ 50:50 ರೆಡಿಮಿಕ್ಸ್ ಕೂಲೆಂಟ್ (ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲ್ ಅರ್ಧ, ನೀರು ಅರ್ಧ ಮೊದಲೇ ಬೆರೆಸಿದ್ದು) ಹಾಕಿದ್ದಾಗಿದೆ. ಡಬ್ಬಿಯ ಮೇಲೆ −37° ಎಂದು ಬರೆದಿದೆ, ರಿಫ್ರ್ಯಾಕ್ಟೋಮೀಟರ್ (ಒಂದು ಹನಿಯಿಂದ ಕೂಲೆಂಟ್ ಹೆಪ್ಪುಗಟ್ಟುವ ಬಿಂದು ತೋರಿಸುವ ಮೀಟರ್) −12° ತೋರಿಸುತ್ತಿದೆ. ಕೂಲೆಂಟ್ ನಕಲಿಯೋ, ಮೀಟರ್ ಕೆಟ್ಟಿದೆಯೋ?

ನಟ್‌ಬೋಲ್ಟ್

ಎರಡೂ ಸರಿ ಇವೆ ಸರ್. ಬ್ಲಾಕಿನಲ್ಲಿ ಉಳಿದ ನೀರು ಲೆಕ್ಕಕ್ಕೆ ಬಂದಿಲ್ಲ, ಅಷ್ಟೇ.

ಡ್ರೈನ್ ಕಾಕ್‌ನಿಂದ ಇಳಿಯುವುದು ಹೆಚ್ಚುಕಡಿಮೆ ರೇಡಿಯೇಟರಿನದ್ದು ಮಾತ್ರ. ಬ್ಲಾಕಿನ ವಾಟರ್ ಜಾಕೆಟ್ (ಸಿಲಿಂಡರ್ ಸುತ್ತ ನೀರು ಹರಿಯುವ ಜಾಗ), ಸಿಲಿಂಡರ್ ಹೆಡ್, ಹೀಟರ್ ಕೋರ್‌ (ಕಾರಿನೊಳಗೆ ಬಿಸಿ ಗಾಳಿ ಕೊಡುವ ಸಣ್ಣ ರೇಡಿಯೇಟರ್) ಇವುಗಳಲ್ಲಿರುವುದು ಅಲ್ಲೇ ಉಳಿಯುತ್ತದೆ. ನಿಮ್ಮ ಕಾರಿನಲ್ಲಿ ಹಾಗೆ ಉಳಿದದ್ದು 3 ಲೀಟರ್ ಬರೀ ನೀರು. ಅದರ ಜೊತೆ 3 ಲೀಟರ್ ರೆಡಿಮಿಕ್ಸ್ ಸೇರಿತು. ರೆಡಿಮಿಕ್ಸ್‌ನಲ್ಲಿ ಗ್ಲೈಕಾಲ್ ಇರುವುದೇ ಒಂದೂವರೆ ಲೀಟರ್. 6 ಲೀಟರಿನಲ್ಲಿ ಒಂದೂವರೆ ಎಂದರೆ ಶೇ. 25. ಎಥಿಲೀನ್ ಗ್ಲೈಕಾಲ್ ಶೇ. 25 ಇದ್ದಾಗ ಹೆಪ್ಪುಗಟ್ಟುವುದು ಸುಮಾರು −12°ಕ್ಕೆ, ಶೇ. 40ಕ್ಕೆ −24°ರ ಆಸುಪಾಸು, ಶೇ. 50ಕ್ಕೆ −37°. ಮೀಟರ್ ನಿಜವನ್ನೇ ಹೇಳುತ್ತಿದೆ.

ನೀರಿನಲ್ಲಿ ಫ್ಲಶ್ ಮಾಡಿದ ಮೇಲೆ ರೆಡಿಮಿಕ್ಸ್ ಹಾಕಲೇಬಾರದು, ನೀರು ಬೆರೆಸದ ಕಾನ್ಸಂಟ್ರೇಟ್ ಹಾಕಬೇಕು. 6 ಲೀಟರಿಗೆ 50:50 ಬೇಕಾದರೆ 3 ಲೀಟರ್ ಕಾನ್ಸಂಟ್ರೇಟ್ ಬೇಕು. ಖಾಲಿ ಇರುವ ಜಾಗವೂ 3 ಲೀಟರೇ. ಹಾಗಾಗಿ ನಿಮ್ಮ ಗಾಡಿಯಲ್ಲಿ ಅದನ್ನೊಂದನ್ನೇ ಸುರಿದಿದ್ದರೆ ಒಳಗಿನ ನೀರಿನ ಜೊತೆ ಬೆರೆತು ತಾನಾಗಿಯೇ ಸರಿಹೋಗುತ್ತಿತ್ತು.

ತಾಪಮಾಪಕ

ಈಗಿರುವುದನ್ನು ಸರಿಮಾಡಲು ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ. 2 ಲೀಟರ್ ಅಳೆದು ಇಳಿಸಿ, 2 ಲೀಟರ್ ಕಾನ್ಸಂಟ್ರೇಟ್ ಹಾಕಿ. ಉಳಿಯುವ 4 ಲೀಟರಿನಲ್ಲಿ ಗ್ಲೈಕಾಲ್ 1 ಲೀಟರ್ ಇರುತ್ತದೆ, ಹಾಕಿದ್ದು 2, ಒಟ್ಟು 3. ಅದೇ ಬ್ರ್ಯಾಂಡಿನ ಅದೇ ನಮೂನೆಯ ಕಾನ್ಸಂಟ್ರೇಟ್ ಇರಲಿ.

ಎಲ್ಲ ಗಾಡಿಯಲ್ಲೂ ಲೆಕ್ಕ ಇಷ್ಟು ಸಲೀಸಾಗಿ ಕೂಡಿಬರುವುದಿಲ್ಲ. ಒಟ್ಟು 8 ಲೀಟರ್ ಇದ್ದು ಇಳಿಯುವುದು ಬರೀ 3 ಆದರೆ, ಮೂರಕ್ಕೆ ಮೂರೂ ಕಾನ್ಸಂಟ್ರೇಟ್ ಸುರಿದರೂ ಶೇ. 37.5 ದಾಟುವುದಿಲ್ಲ. ಆಗ ಬ್ಲಾಕ್ ಡ್ರೈನ್ ಪ್ಲಗ್ ಬಿಚ್ಚಬೇಕು, ಇಲ್ಲವೇ ಎಂಜಿನ್ ಓಡಿಸಿ ಬೆರೆಸಿ, ಮತ್ತೆ 3 ಲೀಟರ್ ಇಳಿಸಿ, 2.1 ಲೀಟರ್ ಕಾನ್ಸಂಟ್ರೇಟ್ ಮತ್ತು 0.9 ಲೀಟರ್ ನೀರು ಹಾಕಬೇಕು. ಇಳಿದದ್ದನ್ನು ಅಳತೆಯ ಕ್ಯಾನಿನಲ್ಲಿ ಹಿಡಿಯದಿದ್ದರೆ ಈ ಯಾವ ಲೆಕ್ಕವೂ ನಡೆಯುವುದಿಲ್ಲ. ಡ್ರೈನ್ ಟ್ರೇಗಿಂತ ಮೊದಲು ಬೇಕಾದದ್ದು ಅಳತೆ ಪಾತ್ರೆ.

ಮೀಟರ್ ಬಗ್ಗೆ ಒಂದು ಮಾತು. ಮೊದಲು ಡಿಸ್ಟಿಲ್ಡ್ ವಾಟರ್ ಒಂದು ಹನಿ ಹಾಕಿ ಗೆರೆಯನ್ನು ಸೊನ್ನೆಗೆ ತನ್ನಿ. ಎಥಿಲೀನ್, ಪ್ರೊಪಿಲೀನ್ ಎರಡಕ್ಕೂ ಬೇರೆ ಬೇರೆ ಸ್ಕೇಲ್ ಇರುತ್ತದೆ, ನಿಮ್ಮ ಕೂಲೆಂಟಿನದ್ದನ್ನೇ ಓದಿ. ಸ್ಯಾಂಪಲ್ ರೇಡಿಯೇಟರಿನದ್ದಾಗಿರಲಿ. ಓವರ್‌ಫ್ಲೋ ಬಾಟಲಿಯಲ್ಲಿ ಇರುವುದು ಎಂಜಿನ್ ಸುತ್ತುವುದಿಲ್ಲವಾದ್ದರಿಂದ ಅದರ ರೀಡಿಂಗ್ ನಂಬುವಂತಿಲ್ಲ.

ಹಳೆಪಾನಾ

ಹಿಮವೇ ಬೀಳದ ಕಡೆ −12° ಇದ್ದರೇನು, −37° ಇದ್ದರೇನು? ಶೇ. 25 ಸಾಕಲ್ಲವೇ? ನೀರು ಜಾಸ್ತಿ ಇದ್ದಷ್ಟೂ ಶಾಖ ಚೆನ್ನಾಗಿ ಒಯ್ಯುತ್ತದೆ.

ತಾಪಮಾಪಕ

ಶಾಖದ ವಿಷಯ ನಿಜ. ಒಂದು ಕೆ.ಜಿ. ನೀರು ಒಂದು ಡಿಗ್ರಿ ಏರಲು 4.18 ಕಿಲೋಜೌಲ್ ಹೀರುತ್ತದೆ, ಅಪ್ಪಟ ಗ್ಲೈಕಾಲ್ 2.4ರ ಹತ್ತಿರ. ಅದಕ್ಕೇ ಯಾರೂ ಬರೀ ಕಾನ್ಸಂಟ್ರೇಟ್ ತುಂಬಬಾರದು. ಅಪ್ಪಟ ಗ್ಲೈಕಾಲ್ ಹೆಪ್ಪುಗಟ್ಟುವುದೂ −13°ರ ಹತ್ತಿರವೇ, 50:50ಕ್ಕಿಂತ ಬೇಗ.

ಆದರೆ ತುಕ್ಕು ತಡೆಯುವ ರಾಸಾಯನಿಕಗಳು ಬರುವುದು ಕಾನ್ಸಂಟ್ರೇಟ್ ಜೊತೆ. ಶೇ. 25ಕ್ಕೆ ಇಳಿಸಿದರೆ ಅವೂ ಅರ್ಧಕ್ಕಿಳಿದವು. ಅಲ್ಯೂಮಿನಿಯಂ ಹೆಡ್, ತೆಳು ಅಲ್ಯೂಮಿನಿಯಂ ರೇಡಿಯೇಟರ್ ಟ್ಯೂಬ್, ಬೀಡು ಕಬ್ಬಿಣದ ಬ್ಲಾಕ್, ಬೆಸುಗೆಯ ಸೀಸ, ಕೆಲವು ಗಾಡಿಯಲ್ಲಿ ತಾಮ್ರ, ಎಲ್ಲವೂ ಒಂದೇ ನೀರಿನಲ್ಲಿ ಮುಳುಗಿರುತ್ತವೆ. ಆ ನೀರಿಗೆ ರಕ್ಷಣೆ ಕಡಿಮೆಯಾದರೆ ಮೊದಲು ಸವೆಯುವುದು ಅಲ್ಯೂಮಿನಿಯಂ. ಹಾಗಾಗಿ ಸೆಕೆಯ ಸೀಮೆಯಲ್ಲೂ ಶೇ. 40ರಿಂದ 50 ಇಟ್ಟುಕೊಳ್ಳುವುದು ಒಳ್ಳೆಯದು. ಕುದಿಯುವ ಬಿಂದುವೂ ಏರುತ್ತದೆ: 50:50 ಮಿಶ್ರಣ ಬಯಲಿನಲ್ಲಿ 107°ರ ಹತ್ತಿರ ಕುದಿಯುತ್ತದೆ, 1.1 ಬಾರ್ ಕ್ಯಾಪಿನ ಒತ್ತಡದಲ್ಲಿ 125° ದಾಟಿದರೂ ಕುದಿಯುವುದಿಲ್ಲ.

ಬಿಳಿಕುದುರೆ

ಅರ್ಥವಾಯಿತು, ಧನ್ಯವಾದ. ಹಾಗಾದರೆ ನೀರಿನ ಫ್ಲಶ್ ಎಷ್ಟು ಸಲ ಮಾಡಿದರೆ ಸಾಕು? ತಿಳಿಯಾಗುವ ತನಕ ಎನ್ನುವುದು ಕಣ್ಣಂದಾಜಾಯಿತು.

ನಟ್‌ಬೋಲ್ಟ್

ಪ್ರತಿ ಸಲ ಅರ್ಧ ಇಳಿಯುವ ಗಾಡಿಯಲ್ಲಿ ಒಂದನೇ ಸಲಕ್ಕೆ ಹಳೆಯದು ಶೇ. 50 ಉಳಿಯಿತು, ಎರಡನೆಯದಕ್ಕೆ 25, ಮೂರಕ್ಕೆ 12.5, ನಾಲ್ಕಕ್ಕೆ 6. ಅದೇ ನಮೂನೆಯ ಕೂಲೆಂಟ್ ಮತ್ತೆ ಹಾಕುವುದಾದರೆ ಎರಡೇ ಸಲ ಸಾಕು, ಉಳಿದ ಹಳೆಯದು ತೊಂದರೆ ಕೊಡುವುದಿಲ್ಲ. ನಮೂನೆ ಬದಲಿಸುತ್ತಿದ್ದರೆ ನಾಲ್ಕು ಸಲ.

ಈ ಲೆಕ್ಕ ನಿಂತಿರುವುದು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರ್ ದಾರಿ ಬಿಡುವ ವಾಲ್ವ್) ತೆರೆದುಕೊಳ್ಳುವುದರ ಮೇಲೆ. ಅದು ತೆರೆಯದೆ ಬ್ಲಾಕಿನ ನೀರೂ ರೇಡಿಯೇಟರಿನ ನೀರೂ ಬೆರೆಯುವುದಿಲ್ಲ. ಐದು ನಿಮಿಷ ಐಡ್ಲಿಂಗ್ ಬಿಟ್ಟು ಇಳಿಸಿದರೆ ಈಗಷ್ಟೇ ಹಾಕಿದ ಹೊಸ ನೀರೇ ವಾಪಸ್ ಬರುತ್ತದೆ, ನೋಡಲು ತಿಳಿಯಾಗಿಯೂ ಇರುತ್ತದೆ, ಮಾಡುವವರು ಮೋಸ ಹೋಗುತ್ತಾರೆ. ಸಾಮಾನ್ಯವಾಗಿ ಥರ್ಮೋಸ್ಟಾಟ್ ತೆರೆಯಲು ಶುರುವಾಗುವುದು 82°, 88° ಅಥವಾ 91°ಕ್ಕೆ, ಅಂಕಿ ಅದರ ಮೈಮೇಲೆಯೇ ಒತ್ತಿರುತ್ತದೆ. ಬಹುತೇಕ ಗಾಡಿಗಳಲ್ಲಿ ರೇಡಿಯೇಟರಿನ ಮೇಲಿನ ಪೈಪ್ ಇದ್ದಕ್ಕಿದ್ದಂತೆ ಕೈ ಇಡಲಾಗದಷ್ಟು ಬಿಸಿಯಾದರೆ ತೆರೆಯಿತು ಎಂದರ್ಥ. ಫ್ಯಾನ್ ಒಮ್ಮೆ ತಿರುಗಿ ನಿಲ್ಲುವ ತನಕ ಓಡಿಸಿ. ಮೈಮರೆತು ಬಿಸಿಯಲ್ಲೇ ಕ್ಯಾಪ್ ಬಿಚ್ಚಬೇಡಿ. ಒತ್ತಡ ಇಳಿದ ಕೂಡಲೇ 100° ಮೀರಿದ ನೀರಿನ ಒಂದು ಪಾಲು ಒಂದೇ ಕ್ಷಣದಲ್ಲಿ ಆವಿಯಾಗಿ, ಕುದಿನೀರಿನ ಸಮೇತ ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಪೈಪ್ ಹಿಸುಕಿದರೆ ಮೆತ್ತಗಿರಬೇಕು, ಕ್ಯಾಪ್ ಬರಿಗೈಗೆ ತಣ್ಣಗಿರಬೇಕು, ಆಮೇಲೇ ಬಿಚ್ಚುವುದು. ಕಾದ ಬ್ಲಾಕಿಗೆ ತಣ್ಣೀರು ಹೊಯ್ದರೆ ಹೆಡ್ ಬಿರುಕು ಬಿಡುವ ಅಪಾಯವೂ ಇದೆ.

ಮಲ್ಲಿಗೆ_ಮೆಕ್ಯಾನಿಕ್

ಸುಲಭದ ದಾರಿ ಇನ್ನೊಂದಿದೆ. ಫ್ಲಶ್ ಮಾಡುವ ಹೊತ್ತಿಗೆ ಥರ್ಮೋಸ್ಟಾಟ್ ತೆಗೆದು ಹೌಸಿಂಗ್ ಮಾತ್ರ ಮುಚ್ಚಿ. ಕಾಯುವ ಕೆಲಸ ಕಮ್ಮಿ, ನೀರು ಮೊದಲಿನಿಂದಲೇ ಸುತ್ತುತ್ತದೆ. ಕೊನೆಯ ತುಂಬುವಿಕೆಗೆ ಮೊದಲು ಹೊಸ ಗ್ಯಾಸ್ಕೆಟ್ ಅಥವಾ ಓ-ರಿಂಗ್ ಜೊತೆ ವಾಪಸ್ ಕೂರಿಸಿ. ಅದರ ಅಂಚಿನಲ್ಲಿ ಸಣ್ಣ ತೂತೊಂದಿದ್ದು ಅದರೊಳಗೆ ಪಿನ್ನು ಅಲ್ಲಾಡುತ್ತಿರುತ್ತದೆ, ಅದು ಮೇಲ್ಮುಖವಾಗಿರಲಿ. ಗಾಳಿ ಪಾರಾಗುವ ದಾರಿ ಅದು.

ಹಳೆಪಾನಾ

ಬಿಸಿ ಸೀಮೆಯಲ್ಲಿ ತೆಗೆದದ್ದನ್ನು ವಾಪಸ್ ಹಾಕದೇ ಬಿಟ್ಟುಬಿಡುವವರು ತುಂಬ ಇದ್ದಾರೆ. ಗಾಡಿ ತಣ್ಣಗೆ ಓಡುತ್ತದೆ ಎನ್ನುತ್ತಾರೆ.

ಮಲ್ಲಿಗೆ_ಮೆಕ್ಯಾನಿಕ್

ದಯವಿಟ್ಟು ಯಾರೂ ಹಾಗೆ ಬಿಡಬೇಡಿ. ಎಷ್ಟೋ ಎಂಜಿನ್‌ಗಳ ಥರ್ಮೋಸ್ಟಾಟಿಗೆ ಎರಡು ತಟ್ಟೆಗಳಿರುತ್ತವೆ: ಮೇಲಿನದ್ದು ರೇಡಿಯೇಟರ್ ದಾರಿ ತೆರೆಯುವಾಗ ಕೆಳಗಿನದ್ದು ಬೈಪಾಸ್ ದಾರಿ ಮುಚ್ಚುತ್ತದೆ. ಥರ್ಮೋಸ್ಟಾಟೇ ಇಲ್ಲವೆಂದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ನೀರಿನ ಒಂದು ಪಾಲು ಸಲೀಸಾದ ದಾರಿ ಹಿಡಿದು ರೇಡಿಯೇಟರ್ ಕಡೆ ಹೋಗದೆ ಎಂಜಿನ್‌ನಲ್ಲೇ ಸುತ್ತುತ್ತದೆ. ಏರುದಾರಿಯಲ್ಲಿ ಅಂಥ ಗಾಡಿ ಬೇಗ ಕಾಯುತ್ತದೆ. ಉಳಿದ ಹೊತ್ತು ತಣ್ಣಗೇ ಓಡುವುದರಿಂದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ಹೆಚ್ಚು ಕೊಡುತ್ತದೆ, ಆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ, ಆಯಿಲ್‌ನಲ್ಲಿ ಗಸಿ ಕಟ್ಟುತ್ತದೆ, ಸಿಲಿಂಡರ್ ಗೋಡೆ ಸವೆಯುತ್ತದೆ.

ಸಂಶಯವಿದ್ದರೆ ಪರೀಕ್ಷೆ ಕಷ್ಟವೇನಲ್ಲ. ಪಾತ್ರೆಯಲ್ಲಿ ನೀರು ಕಾಯಿಸಿ, ಥರ್ಮೋಸ್ಟಾಟನ್ನು ತಳ ತಾಗದಂತೆ ದಾರದಲ್ಲಿ ತೂಗಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಡಿ. 88° ಎಂದಿದ್ದರೆ ಎರಡು ಮೂರು ಡಿಗ್ರಿ ಹೆಚ್ಚುಕಡಿಮೆಯಲ್ಲಿ ಬಾಯಿ ಬಿಡಬೇಕು, ನೀರು ಕುದಿಯುವ ಹೊತ್ತಿಗೆ 8 ಮಿ.ಮೀ. ಆದರೂ ಎತ್ತಿರಬೇಕು. ತಣಿಸಿದಾಗ ಪೂರ್ತಿ ಮುಚ್ಚಿಕೊಳ್ಳಬೇಕು. ಅರ್ಧ ಬಾಯಿ ಬಿಟ್ಟೇ ನಿಂತರೆ ಬದಲಿಸಿ.

ಕೆಂಪುಬಾಟಲಿ

ಕೂಲೆಂಟ್ ಬಣ್ಣದ ಬಗ್ಗೆ ಯಾರಾದರೂ ಹೇಳಿ. ಹಸಿರಿದ್ದ ಗಾಡಿಗೆ ಕೆಂಪು ಹಾಕಬಹುದೇ?

ತಾಪಮಾಪಕ

ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ. ಬಾಟಲಿಯ ಹಿಂಬದಿಯಲ್ಲಿ ಬರೆದಿರುವ ಸ್ಪೆಸಿಫಿಕೇಷನ್ ಮತ್ತು ಗಾಡಿಯ ಮ್ಯಾನ್ಯುಯಲ್ ಎರಡೂ ಕೂಡಬೇಕು.

ಗ್ಲೈಕಾಲ್ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ. ವ್ಯತ್ಯಾಸ ಇರುವುದು ತುಕ್ಕು ತಡೆಯುವ ವಸ್ತುಗಳಲ್ಲಿ. ಹಳೆಯ ಐಎಟಿ (ನಿರವಯವ ಲವಣಗಳ) ನಮೂನೆಯಲ್ಲಿ ಸಿಲಿಕೇಟ್, ಫಾಸ್ಫೇಟ್‌ಗಳು ಲೋಹದ ಮೇಲೆ ಬೇಗನೆ ಪದರ ಕಟ್ಟುತ್ತವೆ, ಬೇಗನೆ ಖರ್ಚೂ ಆಗುತ್ತವೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಓಎಟಿಯಲ್ಲಿರುವ ಸಾವಯವ ಆಮ್ಲದ ಲವಣಗಳು ನಿಧಾನಕ್ಕೆ, ಬೇಕಾದಲ್ಲಿ ಮಾತ್ರ ಕೆಲಸ ಮಾಡುತ್ತವೆ, ಐದು ವರ್ಷ ಬಾಳುತ್ತವೆ. ಎಚ್‌ಓಎಟಿ ಎಂದರೆ ಎರಡರ ಮಿಶ್ರಣ. ಅದರಲ್ಲೂ ಜಪಾನಿನ ಕಂಪನಿಗಳು ಸಿಲಿಕೇಟ್ ಬಿಟ್ಟು ಫಾಸ್ಫೇಟ್ ಇಟ್ಟುಕೊಂಡವು, ಸಿಲಿಕೇಟ್ ವಾಟರ್ ಪಂಪ್ ಸೀಲ್ ಸವೆಸುತ್ತದೆ ಎಂಬ ಕಾರಣಕ್ಕೆ. ಯೂರೋಪಿನವು ಫಾಸ್ಫೇಟ್ ದೂರವಿಟ್ಟವು, ಅಲ್ಲಿನ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಗಸಿ ಕಟ್ಟುತ್ತದೆ ಎಂದು.

ಬೆರೆಸಿದ ಮಾತ್ರಕ್ಕೆ ಯಾವಾಗಲೂ ಅಂಟಿನಂತೆ ಗಟ್ಟಿಯಾಗುವುದಿಲ್ಲ, ಆದರೆ ಕೆಲವು ಜೋಡಿ ಹಾಗೆ ಆಗುವುದುಂಟು. ಆಗದಿದ್ದರೂ ದೀರ್ಘಬಾಳಿಕೆ ಹೋಯಿತು: ಐದು ವರ್ಷದ ಕೂಲೆಂಟನ್ನು ಎರಡು ವರ್ಷದ್ದೆಂದೇ ಎಣಿಸಬೇಕು. ದಾರಿಯಲ್ಲಿ ಮಟ್ಟ ಇಳಿದು ಬೇರೇನೂ ಸಿಗದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ ಊರು ಸೇರಿ, ಗುರುತಿಲ್ಲದ ಕೂಲೆಂಟ್ ಸುರಿಯುವುದಕ್ಕಿಂತ ಅದು ವಾಸಿ.

ಕೆಂಪುಬಾಟಲಿ

ಡಿಸ್ಟಿಲ್ಡ್ ವಾಟರೇ ಯಾಕೆ? ಕುಡಿಯುವ ಫಿಲ್ಟರ್ ನೀರು ನಡೆಯುವುದಿಲ್ಲವೇ?

ನಟ್‌ಬೋಲ್ಟ್

ಬ್ಯಾಟರಿಗೆ ಹಾಕುವ ಡಿಮಿನರಲೈಸ್ಡ್ ನೀರು ಧಾರಾಳವಾಗಿ ಆಗುತ್ತದೆ. ಆರ್‌ಓ ನೀರಿನಲ್ಲಿ ಲವಣ ಕಡಿಮೆ ಇದ್ದರೂ ಪೂರ್ತಿ ಹೋಗಿರುವುದಿಲ್ಲ, ಎಷ್ಟೋ ಯಂತ್ರಗಳು ರುಚಿಗೆಂದು ಒಂದಿಷ್ಟು ಖನಿಜ ವಾಪಸ್ ಸೇರಿಸುತ್ತವೆ. ಮೊದಲ ಒಂದೆರಡು ಫ್ಲಶ್‌ಗೆ ನಡೆದೀತು, ಕೊನೆಯ ಫ್ಲಶ್‌ಗೂ ತುಂಬುವುದಕ್ಕೂ ಬೇಡ. ಬೋರ್‌ವೆಲ್ ನೀರು ಯಾವುದಕ್ಕೂ ಬೇಡ: ಬಿಸಿ ತಾಗಿದ ಕಡೆಯೇ ಸುಣ್ಣ ಗಟ್ಟಿಯಾಗಿ ಕೂರುತ್ತದೆ, ಎಂದರೆ ಎಕ್ಸಾಸ್ಟ್ ವಾಲ್ವ್ ಸುತ್ತಮುತ್ತ, ಶಾಖ ಬೇಗ ಹೊರಹೋಗಬೇಕಾದ ಜಾಗದಲ್ಲೇ. ಕ್ಲೋರೈಡ್ ಅಲ್ಯೂಮಿನಿಯಂನಲ್ಲಿ ಸೂಜಿಮೊನೆಯಷ್ಟು ಗುಂಡಿ ಕೊರೆಯುತ್ತದೆ. ಉಪ್ಪು ಬಳಸುವ ಸಾಫ್ಟನರ್‌ನಿಂದ ಬಂದ ನೀರೂ ಬೇಡ, ಕ್ಯಾಲ್ಸಿಯಂ ಹೋದರೂ ಅದರ ಜಾಗದಲ್ಲಿ ಸೋಡಿಯಂ ಇರುತ್ತದೆ, ಕ್ಲೋರೈಡ್ ಹಾಗೇ ಇರುತ್ತದೆ.

ಎರಡನೇಗೇರ್

ಒಳಗೆ ಈಗಾಗಲೇ ಸುಣ್ಣ, ತುಕ್ಕು ಕೂತಿದ್ದರೆ? ಇಳಿದ ನೀರು ಇಟ್ಟಿಗೆ ಪುಡಿ ಬಣ್ಣಕ್ಕಿದೆ. ಫ್ಲಶ್ ಲಿಕ್ವಿಡ್ ಹಾಕಬೇಕೇ?

ಮಲ್ಲಿಗೆ_ಮೆಕ್ಯಾನಿಕ್

ಕೂಲೆಂಟ್ ಬಣ್ಣ ಮಾಸಿರದೆ, ಕ್ಯಾಪಿನ ಅಡಿ ಶುಭ್ರವಾಗಿದ್ದರೆ ಯಾವ ರಾಸಾಯನಿಕವೂ ಬೇಕಾಗಿಲ್ಲ, ನೀರೇ ಸಾಕು. ನೀವು ಹೇಳಿದ ಬಣ್ಣಕ್ಕೆ ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು, ಚೆನ್ನಾಗಿ ಕೆಲಸ ಮಾಡುತ್ತದೆ. ಕ್ರಮ ತಪ್ಪಬಾರದು.

ಹಳೆ ಕೂಲೆಂಟ್ ಪೂರ್ತಿ ಹೊರಹೋಗುವ ತನಕ ಮೊದಲು ಬರೀ ನೀರಿನ ಫ್ಲಶ್. ಇದನ್ನು ಬಿಟ್ಟು ನೇರ ಆಮ್ಲ ಹಾಕಿದರೆ, ಸಿಲಿಕೇಟ್ ಇರುವ ಕೂಲೆಂಟ್ ಹುಳಿ ತಾಗಿ ಜೆಲ್ ಆಗಿ ಟ್ಯೂಬುಗಳನ್ನು ಮುಚ್ಚುತ್ತದೆ. ಸಿಸ್ಟಂನಲ್ಲಿ ಎಣ್ಣೆ ಜಿಡ್ಡಿದ್ದರೆ ಅದನ್ನೂ ಮೊದಲೇ ತೆಗೆಯಬೇಕು, ಜಿಡ್ಡಿನ ಅಡಿಯ ಸುಣ್ಣಕ್ಕೆ ಆಮ್ಲ ಮುಟ್ಟುವುದಿಲ್ಲ. ನೊರೆ ಕಡಿಮೆ ಬರುವ, ಕೂಲಿಂಗ್ ಸಿಸ್ಟಂಗೆಂದೇ ಮಾಡಿದ ಕ್ಲೀನರ್ ಬಳಸಿ.

ಆಮೇಲೆ ಸಿಸ್ಟಂನ ಒಟ್ಟು ಅಳತೆಗೆ ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ: 6 ಲೀಟರಿಗೆ 300 ಗ್ರಾಂ. ಬಿಸಿನೀರಿನಲ್ಲಿ ಪೂರ್ತಿ ಕರಗಿಸಿಯೇ ಹಾಕಿ. ಥರ್ಮೋಸ್ಟಾಟ್ ತೆರೆದ ಮೇಲೆ 15ರಿಂದ 20 ನಿಮಿಷ ಐಡ್ಲಿಂಗ್. ರಾತ್ರಿಯಿಡೀ ಒಳಗೇ ಬಿಡಬೇಡಿ, ಸುಣ್ಣ ಮುಗಿದ ಮೇಲೆ ಆಮ್ಲ ತಿನ್ನುವುದು ಲೋಹವನ್ನೇ. ಇಳಿಸಿದ ಮೇಲೆ ಎರಡು ಸಲ ನೀರು. ಪಿಎಚ್ ಪಟ್ಟಿ ಅದ್ದಿ ನೋಡಿ, ಹಾಕಿದ ನೀರಿನ ಪಿಎಚ್‌ಗೆ ಬರುವ ತನಕ ತೊಳೆಯಿರಿ. ತಡವಾದರೆ ಒಂದು ಫ್ಲಶ್‌ನ ನೀರಿಗೆ ಲೀಟರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ತೊಳೆದು, ಮತ್ತೆ ಬರೀ ನೀರು. ಆಮ್ಲ ಒಳಗಿರುವಾಗಲೇ ಸೋಡಾ ಸುರಿದರೆ ನೊರೆಯುಕ್ಕಿ ಕ್ಯಾಪಿನಿಂದ ಹೊರಗೆ ಬರುತ್ತದೆ. ಬಟ್ಟೆ ತೊಳೆಯುವ ಸೋಡಾ ಬೇಡವೇ ಬೇಡ, ಅಲ್ಯೂಮಿನಿಯಂ ಕ್ಷಾರಕ್ಕೂ ಕರಗುತ್ತದೆ.

ಇದನ್ನೂ ತಿಳಿದೇ ಕೈಹಾಕಿ: ಹಳೆ ರೇಡಿಯೇಟರಿನಲ್ಲಿ ಸಣ್ಣ ತೂತುಗಳನ್ನು ಸುಣ್ಣವೇ ಮುಚ್ಚಿಕೊಂಡಿರುತ್ತದೆ. ಅದು ಕರಗಿದಾಗ ಸೋರಿಕೆ ಬಯಲಾಗುತ್ತದೆ. ಆಮ್ಲ ಅದನ್ನು ಹುಟ್ಟಿಸಿದ್ದಲ್ಲ, ಆದರೂ ಹೊಸ ರೇಡಿಯೇಟರಿಗೆ ತಯಾರಿರಬೇಕು.

ಗೇಜ್_ಗಮನ

ರೇಡಿಯೇಟರ್ ಒಳಗೆ ಕಟ್ಟಿದೆಯೋ ಇಲ್ಲವೋ ಎಂದು ಬಿಚ್ಚದೆ ನೋಡಲು: ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಕೋರ್ ಮೇಲೆ ಸಾಲುಸಾಲಾಗಿ ಅಳೆಯಿರಿ. ನೀರು ಬರುವ ಕಡೆಯಿಂದ ಹೋಗುವ ಕಡೆಗೆ ತಾಪ ಮೆಲ್ಲಗೆ ಇಳಿಯಬೇಕು. ನಡುವೆ ಒಂದು ಪಟ್ಟಿ ಏಕಾಏಕಿ ತಣ್ಣಗಿದ್ದರೆ ಅಲ್ಲಿನ ಟ್ಯೂಬುಗಳಲ್ಲಿ ನೀರು ಹರಿಯುತ್ತಿಲ್ಲ. ಕೋರಿನ ಕಾಲು ಭಾಗದಷ್ಟು ಹಾಗಿದ್ದರೆ ಫ್ಲಶ್ ಮೇಲೆ ಹಣ ಹಾಕಬೇಡಿ, ರೇಡಿಯೇಟರ್ ಬದಲಿಸಿ.

ಉಲ್ಟಾ ಫ್ಲಶ್, ಅಂದರೆ ಹರಿವಿನ ಎದುರು ದಿಕ್ಕಿಗೆ ನೀರು ಬಿಟ್ಟು ತೊಳೆಯುವುದು, ಮಾಡುವವರು ಒತ್ತಡದ ಮೇಲೆ ಕಣ್ಣಿಡಿ. ಪ್ಲಾಸ್ಟಿಕ್ ಟ್ಯಾಂಕನ್ನು ಅಲ್ಯೂಮಿನಿಯಂ ಕೋರಿಗೆ ಮಡಚಿ ಕೂರಿಸಿರುವ ಅಂಚು ಕ್ಯಾಪ್ ಒತ್ತಡಕ್ಕಿಂತ ತುಂಬ ಹೆಚ್ಚಿನದ್ದನ್ನು ತಡೆಯುವುದಿಲ್ಲ. ನಲ್ಲಿ ಪೈಪಿಗೆ ಬಟ್ಟೆ ಸುತ್ತಿ ಬಿಗಿಯಾಗಿ ತುರುಕಬೇಡಿ, ನೀರು ಹೊರಹೋಗುವ ಬಾಯಿ ಪೂರ್ತಿ ತೆರೆದಿರಲಿ. ಹೀಟರ್ ಕೋರಿಗೆ ಇನ್ನೂ ಮೆಲ್ಲಗೆ.

ಹೊರಗಿನ ಕೊಳೆಯನ್ನು ಮರೆಯುವವರೇ ಹೆಚ್ಚು. ಏಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಧೂಳು, ಹುಳು, ಹುಲ್ಲು ಸೇರಿ ಕಂಬಳಿಯ ಹಾಗೆ ಹೊದ್ದುಕೊಂಡಿರುತ್ತದೆ. ಎಂಜಿನ್ ಕಡೆಯಿಂದ ಮುಂಭಾಗಕ್ಕೆ ಸಾಧಾರಣ ಪೈಪ್ ನೀರು ಬಿಡಿ. ಪ್ರೆಷರ್ ವಾಷರ್ ಹಿಡಿದರೆ ಫಿನ್ನುಗಳು ಮಲಗಿಬಿಡುತ್ತವೆ.

ಬಿಳಿಕುದುರೆ

2 ಲೀಟರ್ ಬದಲಿಸಿದ್ದಾಯಿತು. ಮೀಟರ್ ಈಗ −36°. ಆದರೆ ಹೀಟರ್ ಹಾಕಿದರೆ ತಣ್ಣನೆ ಗಾಳಿ, ಗೇಜ್ ಮುಳ್ಳು ಮೇಲೇರಿ ಥಟ್ಟನೆ ಇಳಿಯುತ್ತಿದೆ.

ಗೇಜ್_ಗಮನ

ಏರ್ ಲಾಕ್, ಅಂದರೆ ಒಳಗೆ ಗಾಳಿ ಸಿಕ್ಕಿಕೊಂಡು ನೀರಿನ ಹರಿವನ್ನು ತಡೆದಿದೆ. ಸೆನ್ಸರ್ ಸುತ್ತ ಒಮ್ಮೆ ಆವಿ, ಒಮ್ಮೆ ನೀರು ಬರುತ್ತಿರುವುದರಿಂದ ಮುಳ್ಳು ಕುಣಿಯುತ್ತದೆ. ಹೀಟರ್ ಕೋರ್ ಎಷ್ಟೋ ಗಾಡಿಗಳಲ್ಲಿ ಎತ್ತರದಲ್ಲಿರುವುದರಿಂದ ಗಾಳಿ ಅಲ್ಲೇ ಸೇರಿಕೊಳ್ಳುತ್ತದೆ. ಈ ಸ್ಥಿತಿಯಲ್ಲಿ ಗಾಡಿ ಓಡಿಸಬೇಡಿ, ಗೇಜ್ ಸುಳ್ಳು ಹೇಳುತ್ತಿರುವಾಗ ಹೆಡ್ ಕಾದದ್ದು ಗೊತ್ತೇ ಆಗುವುದಿಲ್ಲ.

ಎಂಜಿನ್ ತಣಿದ ಮೇಲೆ ಗಾಡಿಯ ಮೂತಿ ಎತ್ತರಕ್ಕೆ ಬರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಅಡ್ಡ ಕೊಡಿ. ಫಿಲ್ಲರ್ ಕುತ್ತಿಗೆ ಎಲ್ಲಕ್ಕಿಂತ ಮೇಲಿರಬೇಕು. ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಕಡಿಮೆಗೆ. ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ತಿರುಪು) ಥರ್ಮೋಸ್ಟಾಟ್ ಹೌಸಿಂಗ್ ಮೇಲೋ ಹೀಟರ್ ಪೈಪಿನ ಮೇಲೋ ಇರುತ್ತದೆ, ಇದ್ದರೆ ಸಡಿಲಿಸಿ ನಿಧಾನಕ್ಕೆ ಸುರಿಯಿರಿ. ಗುಳ್ಳೆಯಿಲ್ಲದ ಒಂದೇ ಧಾರೆ ಬಂದಾಗ ಮುಚ್ಚಿ. ಅದು ಪ್ಲಾಸ್ಟಿಕ್ಕಿನದಾದರೆ ಬೆರಳ ಬಿಗಿಯೇ ಸಾಕು.

ಫಿಲ್ಲರ್ ಬಾಯಿಗೆ ಬಿಗಿಯಾಗಿ ಕೂರುವ ಫನಲ್ ಇಟ್ಟು ಅರ್ಧ ತುಂಬಿಸಿ ಎಂಜಿನ್ ಚಾಲೂ ಮಾಡಿ. ಮೇಲಿನ, ಕೆಳಗಿನ ಪೈಪ್ ಹಿಸುಕಿ ಬಿಡುತ್ತಿರಿ, ಪೈಪ್ ಬಿಸಿಯಾದಂತೆ ದಪ್ಪ ಕೈಗವಸು ಹಾಕಿಕೊಳ್ಳಿ. ಮೊದಲು ದೊಡ್ಡ ಗುಳ್ಳೆ ಬುಳಕ್ ಎಂದು ಬಂದು ಫನಲ್‌ನ ಮಟ್ಟ ಒಮ್ಮೆಲೇ ಇಳಿಯುತ್ತದೆ, ಆಮೇಲೆ ಸಾಸಿವೆ ಗಾತ್ರದವು. ಥರ್ಮೋಸ್ಟಾಟ್ ತೆರೆದಾಗ ಮತ್ತೊಂದು ಸಲ ಮಟ್ಟ ಕುಸಿಯುತ್ತದೆ, ಆಗ ಫನಲ್ ಖಾಲಿಯಾಗದಂತೆ ನೋಡಿಕೊಳ್ಳಿ. ನಡುನಡುವೆ 2000ರಿಂದ 2500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿಯಿರಿ. ಫ್ಯಾನ್ ಎರಡು ಸಲ ತಿರುಗಿ ನಿಂತು, ಹೀಟರ್‌ನಿಂದ ಐಡ್ಲಿಂಗ್‌ನಲ್ಲೂ ಬಿಸಿ ಗಾಳಿ ಬಂದರೆ ಮುಗಿಯಿತು. ಎಂಜಿನ್ ತಣ್ಣಗಾದ ಮೇಲೆಯೇ ಫನಲ್ ತೆಗೆದು ಕ್ಯಾಪ್ ಹಾಕಿ.

ವ್ಯಾಕ್ಯೂಮ್ ಫಿಲ್ಲರ್ ಇದ್ದವರಿಗೆ ಇದೆಲ್ಲ ಬೇಡ. ಸಿಸ್ಟಂನ ಗಾಳಿ ಮೊದಲೇ ಹೊರಗೆಳೆದು, ಮುಳ್ಳು ಕೆಲವು ನಿಮಿಷ ಅಲ್ಲಾಡದೆ ನಿಂತರೆ ಸೋರಿಕೆ ಇಲ್ಲವೆಂದೂ ಗೊತ್ತಾಗುತ್ತದೆ, ಆಮೇಲೆ ಕೂಲೆಂಟನ್ನು ಅದೇ ಒಳಗೆಳೆದುಕೊಳ್ಳುತ್ತದೆ. ಗಾಳಿ ಎಳೆಯುವಾಗ ಪೈಪುಗಳು ಚಪ್ಪಟೆಯಾಗುವುದು ಸಹಜ.

ಎರಡನೇಗೇರ್

ಎಷ್ಟು ಬ್ಲೀಡ್ ಮಾಡಿದರೂ ಗುಳ್ಳೆ ನಿಲ್ಲದಿದ್ದರೆ?

ತಾಪಮಾಪಕ

ಅರ್ಧ ಗಂಟೆಯ ನಂತರವೂ ಒಂದೇ ಲಯದಲ್ಲಿ ಬರುತ್ತಿದ್ದರೆ ಅದು ಹೊರಗಿನ ಗಾಳಿಯಲ್ಲ, ಸಿಲಿಂಡರಿನ ಹೊಗೆ. ಹೆಡ್ ಗ್ಯಾಸ್ಕೆಟ್ (ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಮೇಲೆ ಅನುಮಾನ ಪಡಿ. ರಾತ್ರಿ ತಣಿದ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ, ನೀರು ಕಾಯುವ ಮೊದಲೇ, ಮೇಲಿನ ಪೈಪ್ ಕಲ್ಲಿನಂತೆ ಗಟ್ಟಿಯಾದರೆ ಅನುಮಾನ ಬಲವಾಯಿತು. ಖಾತ್ರಿಗೆ ಬ್ಲಾಕ್ ಟೆಸ್ಟರ್: ಫಿಲ್ಲರ್ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಎಳೆದಾಗ ಅದು ಹಳದಿಗೆ ತಿರುಗಿದರೆ ಕಾರ್ಬನ್ ಡೈಆಕ್ಸೈಡ್ ಇದೆ. ಕೂಲೆಂಟ್ ಒಳಗೆ ಹೋದರೆ ದ್ರಾವಣ ಕೆಡುತ್ತದೆ, ಆದ್ದರಿಂದ ಮಟ್ಟ ಸ್ವಲ್ಪ ಇಳಿಸಿಯೇ ಪರೀಕ್ಷಿಸಿ.

ಸೋರಿಕೆ ಕಣ್ಣಿಗೆ ಬೀಳದೆ ಮಟ್ಟ ಇಳಿಯುತ್ತಿದ್ದರೆ ಎಂಜಿನ್ ತಣ್ಣಗಿರುವಾಗ ಕೈಪಂಪಿನಿಂದ ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು 15 ನಿಮಿಷ ನೋಡಿ. ವಾಟರ್ ಪಂಪಿನ ಅಡಿಯ ಸಣ್ಣ ತೂತಿನಿಂದ ಒಣಗಿದ ಕಲೆ ಇಳಿದಿದ್ದರೆ ಒಳಗಿನ ಸೀಲ್ ಹೋಗಿದೆ ಎಂದರ್ಥ. ಆ ತೂತನ್ನು ಮುಚ್ಚಬೇಡಿ, ಪಂಪ್ ಬದಲಿಸಿ. ಲೀಕ್ ನಿಲ್ಲಿಸುವ ಪುಡಿಗಳು ಹೀಟರ್ ಕೋರಿನ ಸಣ್ಣ ಟ್ಯೂಬುಗಳನ್ನೂ ಥರ್ಮೋಸ್ಟಾಟಿನ ಗಾಳಿ ತೂತನ್ನೂ ಅಷ್ಟೇ ಚೆನ್ನಾಗಿ ಮುಚ್ಚುತ್ತವೆ.

ನಟ್‌ಬೋಲ್ಟ್

ಕ್ಯಾಪ್ ಬಗ್ಗೆ ಸೇರಿಸುತ್ತೇನೆ. ಓವರ್‌ಫ್ಲೋ ಬಾಟಲಿ ಇರುವ ಗಾಡಿಯ ರೇಡಿಯೇಟರ್ ಕ್ಯಾಪಿನಲ್ಲಿ ಎರಡು ವಾಲ್ವ್ ಇವೆ. ದೊಡ್ಡದು 0.9 ಅಥವಾ 1.1 ಬಾರ್ ದಾಟಿದಾಗ ಹೆಚ್ಚಾದದ್ದನ್ನು ಬಾಟಲಿಗೆ ಬಿಡುತ್ತದೆ. ನಡುವಿನ ಸಣ್ಣದು ತಣಿಯುವಾಗ ಅದನ್ನೇ ವಾಪಸ್ ಎಳೆದುಕೊಳ್ಳುತ್ತದೆ. ಸಣ್ಣದು ಅಂಟಿಕೊಂಡರೆ ಬೆಳಗ್ಗೆ ಪೈಪ್ ಚಪ್ಪಟೆಯಾಗಿರುತ್ತದೆ, ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಕೊರತೆಯಲ್ಲಿರುತ್ತದೆ. ಬಾಟಲಿ ನೋಡಿ ತೃಪ್ತಿಪಡುವವರಿಗೆ ಇದು ಗೊತ್ತಾಗುವುದೇ ಇಲ್ಲ. ರಬ್ಬರ್ ಸೀಲ್ ಗಟ್ಟಿಯಾಗಿದ್ದರೆ ಕ್ಯಾಪ್ ಬದಲಿಸಿ, ಬರೆದಿರುವ ಒತ್ತಡ ಒಂದೇ ಇರಲಿ. ಹೆಚ್ಚಿನದ್ದು ಹಾಕಿದರೆ ಹಳೆ ಪೈಪು ಒಡೆಯುತ್ತದೆ.

ಡೀಸೆಲ್‌ದಾರಿ

ಲಾರಿ, ಟ್ರ್ಯಾಕ್ಟರ್, ಜೆಸಿಬಿ ಇಟ್ಟುಕೊಂಡವರು ಓದುತ್ತಿದ್ದರೆ: ಕಾರಿನ ಕೂಲೆಂಟ್ ಅವಕ್ಕೆ ಹಾಕಬೇಡಿ. ವೆಟ್ ಲೈನರ್ (ಹೊರಮೈಗೆ ಕೂಲೆಂಟ್ ನೇರವಾಗಿ ತಾಗುವ, ಬಿಡಿಯಾಗಿ ಕೂರಿಸಿದ ಸಿಲಿಂಡರ್ ಕೊಳವೆ) ಇರುವ ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್ ಬಡಿತಕ್ಕೆ ಲೈನರ್ ನಡುಗಿ, ಅದರ ಹೊರಮೈಯಲ್ಲಿ ಆವಿಯ ಸಣ್ಣ ಗುಳ್ಳೆಗಳು ಹುಟ್ಟಿ ಸಿಡಿಯುತ್ತಿರುತ್ತವೆ. ಸಿಡಿದ ಜಾಗದಲ್ಲಿ ಲೋಹ ಚುಕ್ಕೆಚುಕ್ಕೆಯಾಗಿ ಏಳುತ್ತದೆ, ಕೊನೆಗೆ ತೂತಾಗಿ ನೀರು ಸಿಲಿಂಡರಿಗೆ, ಅಲ್ಲಿಂದ ಆಯಿಲ್‌ಗೆ ಇಳಿಯುತ್ತದೆ. ಅದನ್ನು ತಡೆಯಲು ಹೆವಿ ಡ್ಯೂಟಿ ಕೂಲೆಂಟಿನಲ್ಲಿ ನೈಟ್ರೈಟ್ ಅಥವಾ ಅದಕ್ಕೆ ಸಮನಾದ ಸಾವಯವ ವಸ್ತು ಇರುತ್ತದೆ. ನೈಟ್ರೈಟ್ ಇರುವ ನಮೂನೆಯಾದರೆ ಸರ್ವೀಸಿಗೊಮ್ಮೆ ಟೆಸ್ಟ್ ಪಟ್ಟಿಯಲ್ಲಿ ನೋಡಿ, ಕಡಿಮೆಯಾಗಿದ್ದರೆ ಮಾತ್ರ ಅಡಿಟಿವ್ ಸೇರಿಸಿ. ಅಂದಾಜಿನಲ್ಲಿ ಹೆಚ್ಚು ಸುರಿದರೆ ಅದೇ ಗಸಿಯಾಗಿ ಕೂರುತ್ತದೆ.

ಕೆಂಪುಬಾಟಲಿ

ಇಳಿಸಿದ ಹಳೆ ಕೂಲೆಂಟ್ ಏನು ಮಾಡುವುದು? ಚರಂಡಿಗೆ ಬಿಡಬಹುದೇ?

ಮಲ್ಲಿಗೆ_ಮೆಕ್ಯಾನಿಕ್

ಬೇಡ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಹೋಗುತ್ತದೆ. ಮಕ್ಕಳಿಗೂ ಅದೇ ಅಪಾಯ. ಬಳಸಿದ್ದರಲ್ಲಿ ಸೀಸ, ತಾಮ್ರದಂಥ ಲೋಹಗಳೂ ಕರಗಿರುತ್ತವೆ. ಮುಚ್ಚಳವಿರುವ ಕ್ಯಾನಿಗೆ ತುಂಬಿ ಮೇಲೆ ಹೆಸರು ಬರೆದಿಡಿ, ಕುಡಿಯುವ ನೀರಿನ ಬಾಟಲಿಗೆ ಮಾತ್ರ ತುಂಬಬೇಡಿ. ಎಂಜಿನ್ ಆಯಿಲ್ ಜೊತೆ ಬೆರೆಸದೆ, ಬಳಸಿದ ಕೂಲೆಂಟ್ ತೆಗೆದುಕೊಳ್ಳುವ ಗ್ಯಾರೇಜಿಗೋ ಅಪಾಯಕಾರಿ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೋ ಕೊಡಿ. ಮೊದಲ ಫ್ಲಶ್‌ನ ನೀರಿನಲ್ಲೂ ಅರ್ಧ ಕೂಲೆಂಟೇ ಇರುವುದರಿಂದ ಅದನ್ನೂ ಅದೇ ಕ್ಯಾನಿಗೆ ಸೇರಿಸಿ. ನೆಲಕ್ಕೆ ಚೆಲ್ಲಿದ್ದರೆ ಮರದ ಪುಡಿ ಹಾಕಿ ಹೀರಿಸಿ, ಗುಡಿಸಿ ಚೀಲಕ್ಕೆ ಕಟ್ಟಿ, ಆಮೇಲೆ ಆ ಜಾಗ ಸೋಪಿನ ನೀರಿನಿಂದ ಉಜ್ಜಿ ತೊಳೆಯಿರಿ.